ಮೊದಲ ನಲವತ್ತು ನಿಮಿಷ: ಸಣ್ಣ ಶಾಲೆಯಲ್ಲಿ ಪರಿಹಾರ ಬೋಧನೆ ಕೈಹಿಡಿದ ಬಗೆ

ಆರರಿಂದ ಎಂಟನೆಯ ತರಗತಿಯವರೆಗೆ ಸುಮಾರು 120 ಮಕ್ಕಳು, ಮುಖ್ಯ ಶಿಕ್ಷಕರೂ ಸೇರಿ 8 ಮಂದಿ ಶಿಕ್ಷಕರು, ತರಗತಿಗೆ ಒಂದೇ ವಿಭಾಗ. ಇಷ್ಟು ಸಣ್ಣ ಸರ್ಕಾರಿ ಶಾಲೆಯಲ್ಲಿ ಕಲಿಕೆಯಲ್ಲಿ ಹಿಂದುಳಿದವರಿಗೆಂದು ಬೇರೆ ವ್ಯವಸ್ಥೆ ಮಾಡಲು ಜನವೂ ಇಲ್ಲ, ಸಮಯವೂ ಇಲ್ಲ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಎಲ್ಲರೂ ಹೇಳುತ್ತಿದ್ದರು. ಮೂರು ವರ್ಷ ಸೋತು, ನಾಲ್ಕನೆಯ ವರ್ಷ ಗೆದ್ದ ಮೇಲೆ ಈ ಅನುಭವವನ್ನು ಬರೆಯುತ್ತಿದ್ದೇನೆ. ಅಂಕಿಗಳು ಬಹುಮಟ್ಟಿಗೆ ನೆನಪಿನಿಂದ ಬಂದವು. ಒಂದೆರಡು ಆಚೀಚೆ ಇರಬಹುದು.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಶಾಲೆ ಬಿಟ್ಟ ಮೇಲೆ ಒಂದು ಗಂಟೆ ವಿಶೇಷ ತರಗತಿ. ಪಟ್ಟಿಯಲ್ಲಿ 34 ಮಕ್ಕಳಿದ್ದರು. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ 9 ಮಂದಿ ಉಳಿದಿದ್ದರು, ಅದರಲ್ಲಿ 6 ಮಂದಿಗೆ ಆ ತರಗತಿಯ ಅಗತ್ಯವೇ ಇರಲಿಲ್ಲ. ಯಾರಿಗೆ ಅದು ಬೇಕಿತ್ತೋ ಅವರು ಗಂಟೆ ಹೊಡೆಯುವ ಮೊದಲೇ ಚೀಲ ಹೆಗಲಿಗೇರಿಸಿ ನಿಂತಿರುತ್ತಿದ್ದರು. ಎರಡನೆಯ ವರ್ಷ ಕಂಪ್ಯೂಟರ್ ಅಭ್ಯಾಸದ ತಂತ್ರಾಂಶವೊಂದಕ್ಕೆ ಚಂದಾ ಕಟ್ಟಿದೆವು. ನಾಲ್ಕು ಆಯ್ಕೆಗಳಲ್ಲಿ ಒಂದಾದ ಮೇಲೊಂದನ್ನು ಒತ್ತುತ್ತಾ ಹೋದರೆ ಸರಿ ಉತ್ತರ ತಾನಾಗಿಯೇ ಬರುತ್ತದೆ ಎಂಬುದನ್ನು ಮಕ್ಕಳು ಮೂರನೆಯ ದಿನವೇ ಕಂಡುಹಿಡಿದರು. ನನಗೆ ಅದು ಗೊತ್ತಾದದ್ದು ಮೂರನೆಯ ತಿಂಗಳಲ್ಲಿ. ಮೂರನೆಯ ವರ್ಷ ಆಟ ಮತ್ತು ಚಿತ್ರಕಲೆಯ ಅವಧಿಗಳಿಂದ ಮಕ್ಕಳನ್ನು ಎಬ್ಬಿಸಿ ಕರೆತಂದು ಓದಿಸಿದೆ. ಇಡೀ ವಾರದಲ್ಲಿ ಆ ಮಗು ಚೆನ್ನಾಗಿ ಮಾಡುವ ಒಂದೇ ಕೆಲಸವನ್ನು ಕಿತ್ತುಕೊಂಡು, ಅದಕ್ಕೆ ಬಾರದ ಕೆಲಸವನ್ನು ಎದುರಿಗಿಟ್ಟೆ. ಆ ವರ್ಷದಷ್ಟು ಜಗಳಗಳನ್ನು ನಾನು ಬೇರೆ ಯಾವ ವರ್ಷವೂ ಬಿಡಿಸಿಲ್ಲ.

ಹಣದ ವಿಷಯವನ್ನು ಮೊತ್ತದಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಪ್ರತಿ ಶಾಲೆಗೂ ಬರುವ ಅನುದಾನ ಬೇರೆ. ಬೋಧನೆಗೆಂದು ಬಂದ ವರ್ಷದ ಹಣವನ್ನು ನೂರು ಪಾಲು ಎಂದಿಟ್ಟುಕೊಂಡರೆ, ಮೊದಲ ವರ್ಷದ ಸಂಜೆ ತರಗತಿಯ ಗೌರವಧನಕ್ಕೆ 60 ಪಾಲು ಹೋಯಿತು. ತಂತ್ರಾಂಶ ನುಂಗಿದ್ದು 70 ಪಾಲು, ಏಕೆಂದರೆ ಬಳಸುವವರು 30 ಮಕ್ಕಳಾದರೂ ಚಂದಾ ಕಟ್ಟಬೇಕಾದದ್ದು ದಾಖಲಾದ ಎಲ್ಲರ ಹೆಸರಿನಲ್ಲಿ. ಒಪ್ಪಂದದ ಆ ಸಾಲನ್ನು ಸಹಿ ಹಾಕುವ ಮೊದಲು ಓದದಿದ್ದದ್ದು ನನ್ನದೇ ತಪ್ಪು. ಕೊನೆಗೆ ಗೆದ್ದ ವ್ಯವಸ್ಥೆಗೆ ಹಿಡಿದದ್ದು 22 ಪಾಲು: ತೆಳ್ಳನೆಯ ಕಥೆ ಪುಸ್ತಕಗಳಿಗೆ 14, ಉಳಿದದ್ದು ಜೆರಾಕ್ಸ್, ರಟ್ಟಿನ ಪೆಟ್ಟಿಗೆ ಮತ್ತು ನಾಲ್ಕು ಸ್ಟಾಪ್‌ವಾಚ್‌ಗಳಿಗೆ.

ಆ ವ್ಯವಸ್ಥೆ ಇಷ್ಟೇ. 45 ನಿಮಿಷದ ಏಳು ಅವಧಿಗಳಿಂದ ತಲಾ 5 ನಿಮಿಷ, ಪ್ರಾರ್ಥನೆಯ ಸಮಯದಿಂದ ಇನ್ನೊಂದು 5 ನಿಮಿಷ ತೆಗೆದೆವು. 40 ನಿಮಿಷದ ಹೊಸ ಅವಧಿಯೊಂದು ಹುಟ್ಟಿತು. ಅದನ್ನು ದಿನದ ಮೊದಲಿಗೆ, ಮೂರೂ ತರಗತಿಗಳಿಗೆ ಏಕಕಾಲಕ್ಕೆ ಇಟ್ಟೆವು. ಎಂಟೂ ಶಿಕ್ಷಕರು ಆ ಹೊತ್ತಿನಲ್ಲಿ ಒಂದೊಂದು ಗುಂಪು ಹಿಡಿಯಬೇಕು, ಮುಖ್ಯ ಶಿಕ್ಷಕರೂ ಸೇರಿ. ಗುಂಪು ತರಗತಿಯ ಪ್ರಕಾರವಲ್ಲ, ಮಟ್ಟದ ಪ್ರಕಾರ. ದೊಡ್ಡ ಶಾಲೆಗಳಿಗೆ ಇದು ಸುಲಭವಲ್ಲ; ಒಂದೇ ಕೋಣೆಯಲ್ಲಿ ಕುಳಿತು ಒಂದೇ ಸಂಜೆಯಲ್ಲಿ ಇಡೀ ಶಾಲೆಯ ವೇಳಾಪಟ್ಟಿಯನ್ನು ಒಡೆದು ಕಟ್ಟಲು ಸಾಧ್ಯವಾದದ್ದು ನಾವು ಸಣ್ಣವರಾಗಿದ್ದರಿಂದಲೇ.

“ಐದೈದು ನಿಮಿಷ ಕದ್ದರೆ ನನ್ನ ಪಾಠ ಮುಗಿಯುವುದಿಲ್ಲ ಮೇಡಂ, ಮಾರ್ಚಿಯಲ್ಲಿ ನೀವೇ ಬಂದು ಮುಗಿಸಿಕೊಡಿ” ಎಂದು ಗಣಿತದ ಹಿರಿಯ ಸಹೋದ್ಯೋಗಿ ಸಭೆಯಲ್ಲೇ ಹೇಳಿದರು. ಎಂಟನೆಯ ತರಗತಿಯ ಹುಡುಗ ಆರನೆಯವರ ಜೊತೆ ಕುಳಿತರೆ ಅವಮಾನದಿಂದ ಶಾಲೆಯನ್ನೇ ಬಿಡುತ್ತಾನೆ ಎಂಬುದು ಇನ್ನೊಬ್ಬರ ಆತಂಕ. ಈ ಎರಡನೆಯ ಮಾತು ನಿಜವಾಗುವ ಸಾಧ್ಯತೆ ಇತ್ತು. ಗುಂಪುಗಳಿಗೆ ಹೆಸರಿಡುವ ಮತ್ತು ಕೋಣೆ ಹಂಚುವ ಒಂದು ಉಪಾಯದಿಂದ ಅದನ್ನು ತಪ್ಪಿಸಿದೆ. ಆ ಉಪಾಯ ಬರಹದಲ್ಲಿ ಬಂದರೆ ಮಕ್ಕಳಿಗೂ ತಿಳಿದುಬಿಡುತ್ತದೆಯಾದ್ದರಿಂದ ಇಲ್ಲಿ ಹೇಳುವುದಿಲ್ಲ.

ಮಟ್ಟ ಅಳೆಯಲು ಹಿಂದಿನ ವರ್ಷದ ಅಂಕಪಟ್ಟಿಯನ್ನು ನಂಬಿ ಮೊದಲ ಸುತ್ತನ್ನು ಹಾಳು ಮಾಡಿಕೊಂಡೆವು. ನೂರಕ್ಕೆ 40 ಬಂದ ಇಬ್ಬರಲ್ಲಿ ಒಬ್ಬಳಿಗೆ ಓದಲು ಬರುತ್ತಿರಲಿಲ್ಲ, ಇನ್ನೊಬ್ಬ ಓದಿದ್ದು ಅರ್ಥವಾಗದೆ ಕುಳಿತಿದ್ದ. ನಂತರ ಪ್ರತಿ ಮಗುವನ್ನೂ ಎದುರಿಗೆ ಕೂರಿಸಿ ಒಂದು ನಿಮಿಷ ಗಟ್ಟಿಯಾಗಿ ಓದಿಸಿದೆವು. ಸರಾಗವಾಗಿ ಓದುವವರು 70 ಪದಗಳ ಆಸುಪಾಸು ಮುಟ್ಟಿದರೆ, ಕೆಳಗಿನ 26 ಮಕ್ಕಳು 20 ದಾಟಲಿಲ್ಲ. ಎಲ್ಲಿ ಎಡವುತ್ತಾರೆ ಎಂದು ಗುರುತು ಹಾಕಿದಾಗ ಬಹುಪಾಲು ಗುರುತುಗಳು ಒತ್ತಕ್ಷರಗಳ ಮೇಲೆಯೇ ಬಿದ್ದಿದ್ದವು. ಅರ್ಕಾವತ್ತನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅದಕ್ಕೆ ಮೊದಲು; ಹಾಗಾಗಿ ‘ಧರ್ಮ’ ಎಂಬುದು ‘ಧಮ್ರ’ ಆಗುತ್ತಿತ್ತು. ‘ಸ್ವಾತಂತ್ರ್ಯ’ದಂಥ ಪದ ಬಂದರೆ ಮೊದಲ ಅಕ್ಷರ ನೋಡಿ ಊಹಿಸಿಬಿಡುತ್ತಿದ್ದರು. ಇವರಿಗೆ ಇಡೀ ವರ್ಣಮಾಲೆಯನ್ನು ಮತ್ತೆ ಕಲಿಸುವ ಅಗತ್ಯವಿರಲಿಲ್ಲ, ಆದರೆ ನಾವು ಮೂರು ವರ್ಷ ಅದನ್ನೇ ಮಾಡಿದ್ದೆವು.

ಗಣಿತಕ್ಕೆ 12 ಲೆಕ್ಕಗಳ ಒಂದು ಹಾಳೆ ಸಾಕಾಯಿತು. ಒಂದೊಂದು ಲೆಕ್ಕ ಒಂದೊಂದು ತಪ್ಪು ತಿಳಿವಳಿಕೆಯನ್ನು ಹಿಡಿಯುವಂಥದ್ದು. 304ರಲ್ಲಿ 178 ಕಳೆದು 274 ಎಂದು ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ ಎಂಬುದು ಉತ್ತರದಿಂದಲೇ ಗೊತ್ತಾಗುತ್ತದೆ. 0.5ಕ್ಕಿಂತ 0.35 ದೊಡ್ಡದು ಎನ್ನುವವನಿಗೆ 35 ಕಾಣಿಸುತ್ತಿದೆ, ದಶಾಂಶ ಬಿಂದು ಕಾಣಿಸುತ್ತಿಲ್ಲ. ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿಸಿ ಏಳನೇ ಎರಡು ಎಂದವರು ಎಂಟನೆಯ ತರಗತಿಯಲ್ಲೂ ಅರ್ಧದಷ್ಟಿದ್ದರು. ಆ ಹಾಳೆ ನೋಡಿದ ದಿನ ನಮ್ಮ ಗಣಿತದ ಸಹೋದ್ಯೋಗಿ ಮೊದಲ ಬಾರಿಗೆ ಸುಮ್ಮನಾದರು.

ಕೆಳಗಿನ 26 ಮಕ್ಕಳನ್ನು ಎಂಟೊಂಬತ್ತರ ಮೂರು ಗುಂಪು ಮಾಡಿದೆವು, ನಡುವಿನ 48 ಮಕ್ಕಳನ್ನು ಮೂರು ಗುಂಪು, ಚೆನ್ನಾಗಿ ಕಲಿಯುವ 46 ಮಕ್ಕಳನ್ನು ಎರಡು. ಅತ್ಯಂತ ಅನುಭವಿ ಶಿಕ್ಷಕರು ಅತ್ಯಂತ ಹಿಂದುಳಿದ ಗುಂಪನ್ನು ತೆಗೆದುಕೊಳ್ಳಬೇಕು ಎಂದು ಒಪ್ಪಿಸಲು ವೇಳಾಪಟ್ಟಿಗಿಂತ ಹೆಚ್ಚು ದಿನ ಹಿಡಿಯಿತು. ಒಂದು ಸುತ್ತಿಗೆ ಆರು ವಾರ, ವಾರಕ್ಕೆ ನಾಲ್ಕು ದಿನ, ಒಟ್ಟು 24 ಅವಧಿ. ಐದನೆಯ ದಿನ, ಗುಂಪಿನ ಲೆಕ್ಕ ಬಿಟ್ಟು ಎಲ್ಲ ಮಕ್ಕಳನ್ನೂ ಎಂಟು ಶಿಕ್ಷಕರಿಗೆ ಸಮನಾಗಿ ಹಂಚಿದಾಗ ಬರುವ ತಮ್ಮ ಪಾಲಿನ ಹದಿನೈದು ಮಕ್ಕಳೊಡನೆ ಶಿಕ್ಷಕರು ಒಬ್ಬೊಬ್ಬರಾಗಿ ಮಾತಾಡುವುದಕ್ಕೆ ಮೀಸಲು. ಸುತ್ತು ಮುಗಿದೊಡನೆ ಮತ್ತೆ ಓದಿಸಿ, ಮತ್ತೆ ಲೆಕ್ಕದ ಹಾಳೆ ಕೊಟ್ಟು, ಗುಂಪು ಬದಲಿಸುವುದು. ಬದಲಾಗದ ಗುಂಪು ಹಣೆಪಟ್ಟಿಯಾಗುತ್ತದೆ. ಎರಡನೆಯ ಸುತ್ತಿನಲ್ಲೇ 11 ಮಕ್ಕಳು ಮೇಲಕ್ಕೆ ಹೋದದ್ದನ್ನು ಕಂಡ ಮೇಲೆಯೇ ಉಳಿದವರು ಮೈಚಳಿ ಬಿಟ್ಟು ಓದತೊಡಗಿದರು.

ಇದರ ನಡುವೆ ಪಕ್ಕದ ಪ್ರಯೋಗಗಳೂ ನಡೆದವು. ಎಂಟನೆಯವರಿಂದ ಆರನೆಯವರಿಗೆ ವಾರಕ್ಕೆರಡು ಬಾರಿ ಕಾಲು ಗಂಟೆ ಓದಿಸಿದೆ. ಇದು ಹೊಸದೇನಲ್ಲ, ಮದರಾಸಿನ ಅನಾಥಾಲಯದ ಶಾಲೆಯಲ್ಲಿ ಹೀಗೆ ಮಕ್ಕಳಿಂದ ಮಕ್ಕಳಿಗೆ ಕಲಿಸಿದ್ದನ್ನು ಆಂಡ್ರ್ಯೂ ಬೆಲ್ 1797ರಲ್ಲೇ ಅಚ್ಚು ಹಾಕಿಸಿದ್ದರು. ನನಗೆ ಅನಿರೀಕ್ಷಿತವಾಗಿದ್ದು ಬೇರೆ: ಕಿರಿಯರಿಗಿಂತ, ಕಲಿಸಲು ಕುಳಿತ ದುರ್ಬಲ ಓದುಗರೇ ಹೆಚ್ಚು ಸುಧಾರಿಸಿದರು, ಏಕೆಂದರೆ ಮಾನ ಉಳಿಸಿಕೊಳ್ಳಲು ಅವರು ಆ ಪುಟವನ್ನು ಹಿಂದಿನ ದಿನವೇ ನಾಲ್ಕೈದು ಬಾರಿ ಓದಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಬೇಗ ಕರೆಸಿ ಮನೆಗೆಲಸ ಮಾಡಿಸುವ ಪ್ರಯೋಗ ಮಾತ್ರ ನಕಲು ಮಾಡುವ ಕೂಟವಾಗಿ ಎರಡೇ ವಾರದಲ್ಲಿ ಮುಗಿಯಿತು.

ಹಾಜರಾತಿಗೆ ಒಂದೇ ನಿಯಮ: ಹತ್ತು ದಿನಕ್ಕೆ ಒಂದು ದಿನದ ಲೆಕ್ಕದಲ್ಲಿ ತಪ್ಪಿಸುವ ಮಗುವಿನ ಹೆಸರು ತಿಂಗಳು ಮುಗಿಯುವುದರೊಳಗೆ ಐದನೆಯ ದಿನದ ಮಾತುಕತೆಗೆ ಬರಬೇಕು. ಆ ಮಾತುಕತೆಯಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಗೈರುಹಾಜರಿಯ ಬಗ್ಗೆ ಇರುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಈ ವ್ಯವಸ್ಥೆ ಶುರುವಾಗಿ ಎರಡು ವರ್ಷ ಮುಗಿದಾಗ, ಶಾಲೆ ಬಿಟ್ಟು ಹೋದವರ ಮತ್ತು ಹೊಸದಾಗಿ ಬಂದವರ ಲೆಕ್ಕ ಬಿಟ್ಟು, ಆ 26ರಲ್ಲಿ 18 ಮಂದಿ ನಿಮಿಷಕ್ಕೆ 50 ಪದ ದಾಟಿದ್ದರು. ಗಣಿತದ ಪಾಠಗಳು ಮಾರ್ಚಿಗಿಂತ ಮೊದಲೇ ಮುಗಿದವು. ಎರವಲು ಪಡೆದು ಕಳೆಯುವ ಲೆಕ್ಕವನ್ನು ಪ್ರತಿ ಘಟಕದಲ್ಲೂ ಹೊಸದಾಗಿ ಹೇಳಿಕೊಡುವುದು ತಪ್ಪಿದ್ದರಿಂದ ಕಳೆದುಕೊಂಡ 5 ನಿಮಿಷ ಅಲ್ಲಿಯೇ ಸಿಕ್ಕಿತು ಎಂದು ಅದೇ ಹಿರಿಯ ಸಹೋದ್ಯೋಗಿ ಲೆಕ್ಕ ಹಾಕಿ ತೋರಿಸಿದರು. ಇನ್ನೂ ಮಣಿಯದಿರುವುದು ವಾಕ್ಯರೂಪದ ಲೆಕ್ಕಗಳು. ಓದಲು ಬರುತ್ತದೆ, ಲೆಕ್ಕ ಮಾಡಲೂ ಬರುತ್ತದೆ, ಎರಡೂ ಒಂದೇ ಸಾಲಿನಲ್ಲಿ ಬಂದರೆ ಕೈ ನಿಲ್ಲುತ್ತದೆ. ಈ ಸುತ್ತಿನಲ್ಲಿ ಕೊನೆಯ ಪ್ರಶ್ನೆಯನ್ನು ಮುಚ್ಚಿಟ್ಟು, ಉಳಿದ ವಾಕ್ಯಗಳಿಂದ ಏನೇನು ಕೇಳಬಹುದು ಎಂದು ಮಕ್ಕಳಿಂದಲೇ ಬರೆಸುತ್ತಿದ್ದೇವೆ. ನಾಲ್ಕನೆಯ ವಾರ ನಡೆಯುತ್ತಿದೆ.