ನಾಯಿ ತರುವ ಅತಿಥಿಗೆ ಕೋಣೆ ಕೊಡುವ ಮುನ್ನ

ಶಿರಸಿ ಹತ್ತಿರದ ನಮ್ಮ ಹೋಮ್‌ಸ್ಟೇಗೆ ಫೋನ್ ಮಾಡುವವರು ಈಗ ಊಟಕ್ಕಿಂತ ಮೊದಲು ಕೇಳುವುದು, "ನಾಯಿ ತರಬಹುದಾ?" ತರಬಹುದು, ಆದರೆ ಎಲ್ಲ ಕೋಣೆಗೂ ಅಲ್ಲ.

ಹಿತ್ತಿಲ ಕಡೆ ಬಾಗಿಲಿರುವ, ಗಾರೆ ನೆಲದ ಒಂದು ಕೋಣೆಯನ್ನು ಅದಕ್ಕೇ ಇಡಿ. ಕಾರ್ಪೆಟ್ ಬೇಡ. ಮಂಚಕ್ಕೆ ಹಳೆ ಚಾದರ ನೀವೇ ಕೊಡಿ. ಬೇಡ ಅಂದರೂ ನಾಯಿ ಮಂಚ ಹತ್ತಿಯೇ ಹತ್ತುತ್ತದೆ. ರೇಬೀಸ್ ಲಸಿಕೆ ಕಾರ್ಡಿನ ಫೋಟೋ ಮೊದಲೇ ತರಿಸಿಕೊಳ್ಳಿ.

ನಮ್ಮ ಕಡೆ ದೊಡ್ಡ ತಲೆನೋವು ಉಣುಗು. ಮಂಗನ ಕಾಯಿಲೆ ಹರಡುವುದು ಅದರಿಂದಲೇ ಅಲ್ವಾ? ಬೇಸಿಗೆ ಮುಗಿಯುವವರೆಗೂ ನಾಯಿಯನ್ನು ಕಾಡಿಗೆ ಬಿಡಬೇಡಿ ಎನ್ನಿ. ತೋಟ ತಿರುಗಿ ಬಂದರೂ ಜಗಲಿಯಲ್ಲೇ ಕಿವಿಯ ಒಳಗೆ, ಕುತ್ತಿಗೆ ಪಟ್ಟಿಯ ಅಡಿ, ಬೆರಳ ಸಂದು ನೋಡಿಸಿ. ಆಮೇಲೆ ಒಳಗೆ. ಅಡುಗೆಮನೆ ಹೊಸ್ತಿಲು ಮಾತ್ರ ದಾಟುವಂತಿಲ್ಲ, ಅದು ಅಮ್ಮನ ಕಾನೂನು.

ನಾಯಿಯೊಂದನ್ನೇ ಕೂಡಿಹಾಕಿ ಯಾಣ ನೋಡಲು ಹೋಗಲು ಬಿಡಬೇಡಿ. ಹಾಗೆ ಹೋದವರ ಲ್ಯಾಬ್ರಡಾರ್ ನಮ್ಮ ಅಜ್ಜನ ಕಾಲದ ಬಾಗಿಲು ಕೆರೆದಿಟ್ಟಿತು. ಅಂದಿನಿಂದ 1,000 ರೂಪಾಯಿ ಡೆಪಾಸಿಟ್.

ಬೆಕ್ಕು ತಂದವರು ಈವರೆಗೆ ಒಬ್ಬರೇ. ಎರಡು ದಿನವೂ ಅದು ಮಂಚದಡಿಯಿಂದ ಹೊರಗೇ ಬರಲಿಲ್ಲ.