ಏರುಮಡಿಯಲ್ಲಿ ಎಲೆ ಹಳದಿಯಾಗುತ್ತಿತ್ತು, ಸರಿಹೋದದ್ದು ಹೀಗೆ

4×4 ಅಡಿಯ, 6 ಇಂಚು ಆಳದ ಏರುಮಡಿಗೆ (ನೆಲಕ್ಕಿಂತ ಎತ್ತರಿಸಿ ಕಟ್ಟಿದ ಮಡಿ) ಲೆಕ್ಕದಲ್ಲಿ 8 ಘನ ಅಡಿ ಮಣ್ಣು-ಗೊಬ್ಬರದ ಮಿಶ್ರಣ ಸಾಕು. ನೀರು ಬಿದ್ದರೆ ಕುಸಿಯುತ್ತದೆ, 10 ಇಟ್ಟುಕೊಳ್ಳಿ. ಆದರೆ ಇಲ್ಲಿ ಕೈಕೊಟ್ಟದ್ದು ಆಳವಲ್ಲ, ಗೊಬ್ಬರ. ಅರೆಬರೆ ಕೊಳೆತ ಕಾಂಪೋಸ್ಟಿನಲ್ಲಿ ಮರದ ಚೂರುಗಳಿದ್ದರೆ, ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹೀರಿಕೊಳ್ಳುತ್ತವೆ. ಬುಡದ ಹಳೆ ಎಲೆಗಳು ಮೊದಲು ಹಳದಿಯಾಗುತ್ತವೆ. ಚೂರುಗಳನ್ನು ಆರಿಸಿ ತೆಗೆದು, ದಾರ ಕಟ್ಟಿ ಗುರುತಿಸಿದ ಪ್ರತಿ ಒಂದಡಿ ಚೌಕಕ್ಕೆ ಎರಡು ಹಿಡಿ ಮಾಗಿದ ಎರೆಗೊಬ್ಬರ ಬೆರೆಸಿದೆ. ಹೊಸ ಎಲೆಗಳು ಹಸಿರಾಗಿಯೇ ಬಂದವು. ಹಳೆಯವು ಚೇತರಿಸಿಕೊಳ್ಳಲಿ ಎಂದು ಕಾಯಬೇಡಿ, ಕಿತ್ತುಬಿಡಿ.

ಇನ್ನು ಗಿಡಗಳ ಲೆಕ್ಕ: ಒಂದಡಿ ಚೌಕಕ್ಕೆ ಮೂಲಂಗಿ 16, ಗಿಡ ಬೀನ್ಸ್ 9, ಲೆಟ್ಯೂಸ್ 4, ಟೊಮೆಟೊ ಒಂದೇ ಒಂದು. ದಾರ ಕಟ್ಟದೆ ಕಣ್ಣಳತೆಯಲ್ಲಿ ಬಿತ್ತಿದರೆ ಈ ಲೆಕ್ಕ ತಪ್ಪಿತೆಂದೇ ತಿಳಿಯಿರಿ.