ಒಂದು ಲೀಟರ್ ನೀರು, ಒಂದು ಲೀಟರ್ ಉಪ್ಪುನೀರು: ಕಿಡ್ನಿ ಪಾಠ ನಾನು ಮಾಡುವ ರೀತಿ

ಎಂಬಿಬಿಎಸ್ ಮೊದಲ ವರ್ಷದ ಮಕ್ಕಳಿಗೆ ಫಿಸಿಯಾಲಜಿ ಹೇಳಿಕೊಡುವುದು ನನ್ನ ಕೆಲಸ. ಕಿಡ್ನಿ ಪಾಠ ಬಂದಾಗ ಹಾರ್ಮೋನುಗಳ ಹೆಸರನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಬೋರ್ಡ್ ಮೇಲೆ ಒಂದು ಲೆಕ್ಕ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರ್ ಆಸುಪಾಸು. ಸೋಸಿದ ದ್ರವದಲ್ಲಿ ಲೀಟರಿಗೆ 140 ಮಿಲಿಮೋಲ್ ಸೋಡಿಯಂ. "ಗುಣಿಸಿ, ಅಡುಗೆ ಉಪ್ಪಿನ ತೂಕಕ್ಕೆ ತನ್ನಿ" ಅಂತ ಹೇಳಿ ಸುಮ್ನೆ ನಿಲ್ಲುತ್ತೇನೆ. ಹತ್ತಿರ ಹತ್ತಿರ ಒಂದೂವರೆ ಕೆಜಿ ಬರುತ್ತದೆ. ದಿನಕ್ಕೆ ಅಷ್ಟು ಉಪ್ಪು ಸೋಸಿ ಹೋಗುತ್ತದೆ, ಅದರಲ್ಲಿ ನೂರಕ್ಕೆ 99 ಭಾಗಕ್ಕಿಂತ ಜಾಸ್ತಿ ರಕ್ತಕ್ಕೆ ವಾಪಸ್ ಬರುತ್ತದೆ. ಈ ಲೆಕ್ಕ ತಲೆಗೆ ಹೋದ ಮೇಲೆ "ಹೇಗೆ?" ಅಂತ ಅವರೇ ಕೇಳುತ್ತಾರೆ.

ಹೇಗೆ ಅಂದರೆ, ನೀರನ್ನು ಎಳೆಯುವ ಪಂಪು ಕಿಡ್ನಿಯಲ್ಲಿ ಇಲ್ಲ. ಇರುವುದು ಉಪ್ಪಿನ ಪಂಪು. ಸೋಸಿದ ದ್ರವ ಹರಿಯುವ ಸಣ್ಣ ನಾಳದ ಗೋಡೆಯ ಪ್ರತಿ ಜೀವಕೋಶವೂ ಒಂದೊಂದು ಸಲಕ್ಕೆ ತನ್ನೊಳಗಿನ 3 ಸೋಡಿಯಂ ಅನ್ನು ರಕ್ತದ ಕಡೆಗೆ ತಳ್ಳಿ 2 ಪೊಟ್ಯಾಸಿಯಂ ಒಳಗೆ ತಗೊಳ್ಳುತ್ತದೆ. ಈ ಪಂಪನ್ನು 1957ರಲ್ಲಿ ಏಡಿಯ ನರದಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಅದಕ್ಕೆ ನೊಬೆಲ್ ಬಂದಿದ್ದು 1997ರಲ್ಲಿ. ಜೀವಕೋಶದಲ್ಲಿ ಸೋಡಿಯಂ ಕಮ್ಮಿಯಾದಾಗ ನಾಳದೊಳಗಿನ ಸೋಡಿಯಂ ತಾನಾಗಿ ನುಗ್ಗುತ್ತದೆ. ಅದರ ಹಿಂದೆ ನೀರು. ಉಪ್ಪಿನಕಾಯಿಗೆ ಅಂತ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹೋಳು ನೀರು ಬಿಟ್ಟಿರುತ್ತದೆ, ಅಲ್ವಾ? ಅದೇ ನಿಯಮ. ನಾಳದ ಮೊದಲ ಭಾಗದಲ್ಲೇ ಉಪ್ಪು, ನೀರು ಎರಡೂ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ಜೊತೆಜೊತೆಯಾಗಿ ವಾಪಸ್ ಹೋಗಿಬಿಡುತ್ತವೆ.

ಆಮೇಲೆ ನಾಳ ಕೆಳಗಿಳಿದು U ಆಕಾರದಲ್ಲಿ ತಿರುಗಿ ಮೇಲೇರುತ್ತದೆ, ಅದೇ ಹೆನ್ಲೆ ಲೂಪ್. ಅದರ ಮೇಲೇರುವ ದಪ್ಪ ಭಾಗದಲ್ಲಿ ಈ ಜೋಡಿ ಒಡೆಯುತ್ತದೆ. ಅಲ್ಲಿ ಸೋಸಿದ ಉಪ್ಪಿನ ಕಾಲು ಭಾಗದಷ್ಟು ನಾಳದಿಂದ ಹೊರಹೋಗುತ್ತದೆ, ಗೋಡೆ ನೀರನ್ನು ಮಾತ್ರ ಬಿಡುವುದಿಲ್ಲ. ನಾಳದ ಒಳಗೆ ತೆಳುವಾದ ದ್ರವ ಉಳಿಯುತ್ತದೆ, ಹೊರಗೆ ಕಿಡ್ನಿಯ ಒಳಭಾಗ ಉಪ್ಪುಪ್ಪಾಗುತ್ತದೆ. ನನ್ನ ಪ್ರಕಾರ ಇಡೀ ಪಾಠದ ತಿರುಳು ಇದು. ಇದು ಗೊತ್ತಾಗದೆ ಮುಂದಿನ ಯಾವುದೂ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಅವಸರ ಮಾಡುವುದಿಲ್ಲ, ಲ್ಯಾಬಿಗೆ ಕರೆದುಕೊಂಡು ಹೋಗುತ್ತೇನೆ.

ಪ್ರಾಕ್ಟಿಕಲ್ ಹಳೆಯದೇ. ಬಿಪಿ, ಕಿಡ್ನಿ, ಹಾರ್ಟ್ ತೊಂದರೆ ಇಲ್ಲದವರು, ತಾವಾಗಿ ಒಪ್ಪಿದವರು ಮಾತ್ರ. ಬೆಳಿಗ್ಗೆ ಕಾಫಿ, ಟೀ ಬೇಡ. ಮೊದಲು ಎಲ್ಲರೂ ಮೂತ್ರ ಮಾಡಿ ಬರಬೇಕು, ಅದು ಹೋಲಿಕೆಗೆ. ಆಮೇಲೆ ಅರ್ಧ ಜನಕ್ಕೆ ಒಂದು ಲೀಟರ್ ಬರೀ ನೀರು. ಉಳಿದವರಿಗೆ ಅಷ್ಟೇ ನೀರು, ಅದರಲ್ಲಿ ತೂಗಿ ಕರಗಿಸಿದ 9 ಗ್ರಾಂ ಉಪ್ಪು. ಅಂದರೆ ಡ್ರಿಪ್ಪಿನ ನಾರ್ಮಲ್ ಸಲೈನ್ ಹದ. ಮುಖ ಹಿಂಡಿಕೊಂಡೇ ಕುಡಿಯುತ್ತಾರೆ ಪಾಪ. ಆಮೇಲೆ ಅರ್ಧ ಗಂಟೆಗೊಮ್ಮೆ ಮೂತ್ರವನ್ನು ಸಿಲಿಂಡರಿನಲ್ಲಿ ಅಳೆದು, ಅದು ನೀರಿಗಿಂತ ಎಷ್ಟು ಗಟ್ಟಿ ಅಂತ ತೋರಿಸುವ ಯೂರಿನೋಮೀಟರ್ ತೇಲಿಬಿಟ್ಟು ಓದಬೇಕು. ಅದನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ಬಿಡಿ ಅನ್ನುತ್ತೇನೆ. ಗಾಜಿಗೆ ಅಂಟಿಕೊಂಡು ನಿಂತರೆ ಓದು ತಪ್ಪಾಗುತ್ತದೆ.

ಮೊದಲ ಅರ್ಧ ಗಂಟೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಗಂಟೆ ದಾಟುವ ಹೊತ್ತಿಗೆ ಬರೀ ನೀರು ಕುಡಿದವರ ಸಿಲಿಂಡರ್ ತುಂಬತೊಡಗುತ್ತದೆ. ಬಣ್ಣವೇ ಇರುವುದಿಲ್ಲ. 1.020ರಲ್ಲಿದ್ದ ಯೂರಿನೋಮೀಟರ್ 1.002ರ ಹತ್ತಿರಕ್ಕೆ ಮುಳುಗುತ್ತದೆ. ಎರಡು ಮೂರು ಗಂಟೆಯಲ್ಲಿ ಕುಡಿದದ್ದು ಬಹುಪಾಲು ಹೊರಗೆ. ಉಪ್ಪುನೀರಿನವರ ಕಡೆ ಮಾತ್ರ ಸಿಲಿಂಡರಿನ ತಳದಲ್ಲಿ ಒಂದಿಷ್ಟು ಹಳದಿ, ಅಷ್ಟೆ. "ಎಲ್ಲಿ ಹೋತ್ರಿ ಮೇಡಂ ಅದು ಒಂದ್ ಲೀಟರ್?" ಅಂತ ಒಬ್ಬ ಹುಡುಗ ಕೇಳಿದ್ದ. ಎಲ್ಲೂ ಹೋಗಿಲ್ಲ, ನಿನ್ನೊಳಗೇ ಇದೆ ಅಂದೆ.

ಹಾರ್ಮೋನಿನ ಮಾತು ಬರುವುದು ಈಗ. ಬರೀ ನೀರು ರಕ್ತವನ್ನು ಕೊಂಚ ತೆಳು ಮಾಡುತ್ತದೆ. ಮೆದುಳಿನ ಹೈಪೋಥಲಾಮಸ್‌ಗೆ ಅದು ತಕ್ಷಣ ತಿಳಿಯುತ್ತದೆ. ನೀರನ್ನು ಹಿಡಿದಿಡುವ ಹಾರ್ಮೋನು ಎಡಿಎಚ್ ಬಿಡುವುದು ನಿಲ್ಲುತ್ತದೆ. ರಕ್ತದಲ್ಲಿ ಇದ್ದದ್ದು ಕರಗಲು ಹೊತ್ತು ಬೇಕು, ಆ ಮೊದಲ ಅರ್ಧ ಗಂಟೆಯ ತಡ ಅದಕ್ಕೇ. ಆಮೇಲೆ ನಾಳದ ಕೊನೆಯ ಭಾಗದ ಗೋಡೆಯಿಂದ ಅಕ್ವಾಪೊರಿನ್ ಎಂಬ ನೀರಿನ ಬಾಗಿಲುಗಳು ಒಳಗೆ ಸರಿಯುತ್ತವೆ. ಹೊರಗೆ ಎಷ್ಟೇ ಉಪ್ಪಿದ್ದರೂ ನೀರು ದಾಟಲಾರದು, ಹೆನ್ಲೆ ಲೂಪ್ ಮಾಡಿಕೊಟ್ಟ ತೆಳು ದ್ರವ ಹಾಗೇ ಹೊರಬೀಳುತ್ತದೆ. ಉಪ್ಪುನೀರು ರಕ್ತದಷ್ಟೇ ಹದವಾಗಿದ್ದದ್ದರಿಂದ ಹೈಪೋಥಲಾಮಸ್‌ಗೆ ಏನೂ ಬದಲಾದಂತೆ ಅನಿಸುವುದಿಲ್ಲ. ಅದನ್ನು ಹೊರಹಾಕಬೇಕಾದರೆ ಉಪ್ಪನ್ನು ಹಿಡಿದಿಡುವ ಹಾರ್ಮೋನು ಅಲ್ಡೋಸ್ಟೀರಾನ್ ಇಳಿದು, ಉಪ್ಪು ವಾಪಸ್ ಎಳೆಯುವುದು ಕಮ್ಮಿಯಾಗಬೇಕು. ಅದು ನಿಧಾನದ ಕೆಲಸ, ಮರುದಿನದವರೆಗೂ ನಡೆಯುತ್ತದೆ.

ಮುಂದೆ ವಾರ್ಡಿಗೆ ಹೋದಾಗ ಈ ಸಿಲಿಂಡರುಗಳು ಅವರ ನೆನಪಿಗೆ ಬರಬೇಕು ಅನ್ನುವುದು ನನ್ನ ಆಸೆ. ವಾಂತಿಭೇದಿಯಿಂದ ಬಿಪಿ ಬಿದ್ದವರಿಗೆ ಸಲೈನ್ ಏರಿಸುವುದು ಅದು ಒಳಗೆ ನಿಲ್ಲುತ್ತದೆ ಅಂತ. ಹಾರ್ಟ್ ಸೋತು ಕಾಲು ಊದಿದವರಿಗೆ ಕೊಡುವ ಫ್ಯುರೋಸಮೈಡ್ ಎಂಬ ಮೂತ್ರ ಹೆಚ್ಚಿಸುವ ಗುಳಿಗೆ ಹೆನ್ಲೆ ಲೂಪಿನ ಆ ದಪ್ಪ ಭಾಗದ ಉಪ್ಪಿನ ದಾರಿಯನ್ನೇ ಕಟ್ಟುತ್ತದೆ. ಅಷ್ಟು ಉಪ್ಪು ಮೂತ್ರಕ್ಕೆ ಹೋಗಿ ನೀರನ್ನೂ ಕರೆದುಕೊಂಡು ಹೋಗುತ್ತದೆ. ಆ ರೋಗಿ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಬಿಡದಿದ್ದರೆ ಗುಳಿಗೆ ತೆಗೆದ ನೀರು ಸಂಜೆಗೆ ಮತ್ತೆ ಕಾಲಿಗೆ ಬರುತ್ತದೆ.